ಸೋತರೂ ಬದುಕಬಹುದು ಎನ್ನುವ ನಂಬಿಕೆ ಬರುವುದು ಹೇಗೆ?

ಸಂಘರ್ಷ ಮತ್ತು ಸಂಧಾನ ನಾನು ಕಾಲೇಜಿನಲ್ಲಿ ಕಲಿಸುವ ವಿಷಯ. ಪ್ರತಿ ವರ್ಷ ಮೊದಲ ವಾರದಲ್ಲೇ ವಿದ್ಯಾರ್ಥಿಗಳಿಗೆ ಒಂದು ಆಟ ಆಡಿಸುತ್ತೇನೆ. ತರಗತಿಯನ್ನು ಎರಡು ಗುಂಪು ಮಾಡುತ್ತೇನೆ. ಒಂದು ಗುಂಪಿನವರು ದೇಶದ ಜನರಲ್ಲಿ ನೂರಕ್ಕೆ 60, ಇನ್ನೊಂದು ಗುಂಪಿನವರು 40. ಭಾಷೆ ಬೇರೆ, ದೇವರು ಬೇರೆ, 20 ವರ್ಷ ಹೊಡೆದಾಡಿಕೊಂಡಿದ್ದಾರೆ. ಈಗ ಕದನವಿರಾಮ ಆಗಿದೆ, ಕೂತು ಮಾತಾಡಿ ಒಪ್ಪಂದ ಬರೆಯಿರಿ ಅಂತ ಹೇಳಿ ಸುಮ್ನೆ ಕೂರುತ್ತೇನೆ.

60ರವರು ಐದು ನಿಮಿಷದಲ್ಲಿ ಬರೆದು ಮುಗಿಸುತ್ತಾರೆ. ಚುನಾವಣೆ ನಡೆಯಲಿ, ಜಾಸ್ತಿ ವೋಟು ಬಂದವರು ಆಳಲಿ, ಎಲ್ಲರಿಗೂ ಸಮಾನ ಹಕ್ಕು. ಇದರಲ್ಲಿ ತಪ್ಪೇನಿದೆ ಅಂತ ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. 40ರವರು ಮಾತ್ರ ಸಹಿ ಹಾಕುವುದಿಲ್ಲ. ಯಾಕೆ ಅಂದರೆ ಸ್ವಲ್ಪ ಹೊತ್ತು ಅವರಿಗೂ ಹೇಳಲು ಬರುವುದಿಲ್ಲ. ಆಮೇಲೆ ಯಾರೋ ಒಬ್ಬರು ಹೇಳುತ್ತಾರೆ: ನಾವು ಈ ಸಲವೂ ಸೋಲುತ್ತೇವೆ, ಮುಂದಿನ ಸಲವೂ ಸೋಲುತ್ತೇವೆ, ನಮ್ಮ ಮಕ್ಕಳೂ ಸೋಲುತ್ತಾರೆ, ಮತ್ತೆ ಯಾಕೆ ಬಂದೂಕು ಕೆಳಗಿಡಬೇಕು?

ಇಡೀ ವಿಷಯದ ಗಂಟು ಇರುವುದು ಇಲ್ಲೇ. ಎರಡು ಸಮುದಾಯದವರು ಒಬ್ಬರನ್ನೊಬ್ಬರು ಇಷ್ಟಪಡಲು ಶುರು ಮಾಡಿದರೆ ಶಾಂತಿ ಬರುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ನಾನು ಓದಿದ, ಕಲಿಸಿದ ಯಾವ ದೇಶದಲ್ಲೂ ಆ ಕ್ರಮದಲ್ಲಿ ನಡೆದಿಲ್ಲ. ಇಷ್ಟ, ಸ್ನೇಹ, ಮದುವೆ ಸಂಬಂಧ ಇವೆಲ್ಲ ಬಂದರೆ ಎಷ್ಟೋ ವರ್ಷಗಳ ನಂತರ ಬರುತ್ತವೆ. ಅದಕ್ಕೂ ಮೊದಲು ಬೇಕಾದದ್ದು, ಚುನಾವಣೆಯಲ್ಲಿ ಸೋತರೂ ನನ್ನ ಮನೆ, ಭಾಷೆ, ಕೆಲಸ, ಜೀವ ಉಳಿಯುತ್ತದೆ ಎನ್ನುವ ಧೈರ್ಯ.

ಆ ಧೈರ್ಯ ಇಲ್ಲದ ಕಡೆ ವೋಟಿನಿಂದಲೇ ಬೆಂಕಿ ಹತ್ತಬಹುದು. ಶ್ರೀಲಂಕಾ ನೋಡಿ. 1956ರಲ್ಲಿ ಸಿಂಹಳವೊಂದೇ ಆಡಳಿತ ಭಾಷೆ ಎಂಬ ಕಾನೂನು ಬಂತು. ಅದನ್ನು ತಂದ ಪ್ರಧಾನಿ ಬಂಡಾರನಾಯಕೆ ಅವರೇ ಮರುವರ್ಷ ತಮಿಳು ನಾಯಕ ಚೆಲ್ವನಾಯಕಂ ಜೊತೆ ಕೂತು, ತಮಿಳರಿಗೆ ಒಂದಿಷ್ಟು ಸ್ವಂತ ಆಡಳಿತ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು. ವಿರೋಧ ಪಕ್ಷ ಬಿಡಲಿಲ್ಲ. ಸಿಂಹಳರನ್ನು ಮಾರಿಬಿಟ್ಟರು ಅಂತ ಜೆ.ಆರ್. ಜಯವರ್ಧನೆ ಕ್ಯಾಂಡಿಗೆ ಪಾದಯಾತ್ರೆ ಹೊರಟರು, ಬೌದ್ಧ ಭಿಕ್ಷುಗಳೂ ಬೀದಿಗಿಳಿದರು. 1958ರಲ್ಲಿ ಬಂಡಾರನಾಯಕೆ ಒಪ್ಪಂದ ಕೈಬಿಟ್ಟರು. ಇದು ಹರಾಜಿನಲ್ಲಿ ಕೂಗುವ ಹಾಗೆ: ಒಬ್ಬ ನಾಯಕ ಸ್ವಲ್ಪ ಬಗ್ಗಿದರೆ, ಅವನದೇ ಸಮುದಾಯದ ಇನ್ನೊಬ್ಬ ನಾನು ಬಗ್ಗುವುದೇ ಇಲ್ಲ ಅಂತ ಮೇಲೆ ಕೂಗುತ್ತಾನೆ, ವೋಟು ಅವನಿಗೆ ಹೋಗುತ್ತದೆ. 1983ರಿಂದ 2009ರವರೆಗೆ ನಡೆದ ಯುದ್ಧದ ಬೇರುಗಳಲ್ಲಿ ಈ ಕೂಗಾಟವೂ ಒಂದು.

ಆಟಕ್ಕೆ ವಾಪಸ್ ಬರೋಣ. 40ರವರು ಮೊದಲು ಏನು ಕೇಳುತ್ತಾರೆ ಅಂದುಕೊಂಡಿರಿ? ಮಂತ್ರಿ ಸ್ಥಾನ ಅಂತ ನಾನು ಅಂದುಕೊಂಡಿದ್ದೆ. ಬಹುತೇಕ ಸಲ ಅವರು ಕೇಳುವುದು ಪೊಲೀಸರ ಬಗ್ಗೆ. ರಾತ್ರಿ ಬಾಗಿಲು ತಟ್ಟುವವನು ಯಾರ ಪೈಕಿಯವನು? ಉತ್ತರ ಐರ್ಲೆಂಡಿನ ಕಥೆ ಓದಿದವರಿಗೆ ಇದರಲ್ಲಿ ಆಶ್ಚರ್ಯ ಇಲ್ಲ.

ಅಲ್ಲಿ ಪ್ರಾಟೆಸ್ಟಂಟರು ಬ್ರಿಟನ್ ಜೊತೆ ಇರಬೇಕು ಅನ್ನುವವರು, ಕ್ಯಾಥೊಲಿಕರು ಐರ್ಲೆಂಡ್ ಜೊತೆ ಸೇರಬೇಕು ಅನ್ನುವವರು. ಸರಳವಾಗಿ ಹೇಳುತ್ತಿದ್ದೇನೆ, ಒಳಗೆ ಇನ್ನೂ ಪದರಗಳಿವೆ. 30 ವರ್ಷದಲ್ಲಿ ಸುಮಾರು 3,500 ಜನ ಸತ್ತರು. ಅಧಿಕಾರ ಹಂಚಿಕೊಳ್ಳುವ ಯೋಚನೆ ಬಹಳ ಹಿಂದೆಯೇ ಬಂದಿತ್ತು. 1973ರ ಸನ್ನಿಂಗ್‌ಡೇಲ್ ಒಪ್ಪಂದದಂತೆ 1974ರ ಜನವರಿಯಲ್ಲಿ ಜಂಟಿ ಸರ್ಕಾರ ಕೂಡ ಶುರುವಾಗಿತ್ತು. ಪ್ರಾಟೆಸ್ಟಂಟ್ ಕಾರ್ಮಿಕರು ಎರಡು ವಾರ ಮುಷ್ಕರ ಹೂಡಿ, ವಿದ್ಯುತ್ ನಿಲ್ಲಿಸಿ ಮೇ ತಿಂಗಳಲ್ಲಿ ಅದನ್ನು ಬೀಳಿಸಿದರು. ಮತ್ತೆ 1998ರ ಏಪ್ರಿಲ್ 10ರಂದು, ಗುಡ್ ಫ್ರೈಡೇ ದಿನ, ಬಹುಪಾಲು ಅದೇ ಯೋಚನೆಗೆ ಒಪ್ಪಿಗೆ ಬಿತ್ತು. ಜನಮತದಲ್ಲಿ ಅಲ್ಲಿನ ಶೇ. 71ರಷ್ಟು ಮತದಾರರು ಹೌದು ಅಂದರು. ನಡುವಿನ 24 ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಸಾವಾಯಿತು ಅಂತ ನೆನೆದರೆ ಪಾಠ ಮಾಡುವಾಗಲೇ ಗಂಟಲು ಕಟ್ಟುತ್ತದೆ.

ಆ ಒಪ್ಪಂದದ ಸಮಯದಲ್ಲಿ ಪೊಲೀಸ್ ಪಡೆಯಲ್ಲಿ ಕ್ಯಾಥೊಲಿಕರು ಶೇ. 8ರಷ್ಟು ಮಾತ್ರ. ಜನಸಂಖ್ಯೆಯಲ್ಲಿ ಶೇ. 40 ದಾಟಿದ್ದವರು ಅವರು. ಅವರ ಬೀದಿಗಳಲ್ಲಿ ಪೊಲೀಸ್ ಅಂದರೆ ಎದುರಾಳಿಗಳ ಸೈನ್ಯ ಅಂತಲೇ ಲೆಕ್ಕ. ಪಡೆಗೆ ಸೇರಿದ ಕ್ಯಾಥೊಲಿಕನನ್ನು, ಐರ್ಲೆಂಡ್ ಜೊತೆ ಸೇರಬೇಕು ಅಂತ ಬಂದೂಕು ಹಿಡಿದಿದ್ದ ಸಂಘಟನೆ ಐಆರ್‌ಎ ಗುರಿ ಮಾಡುತ್ತಿತ್ತು, ಹಾಗಾಗಿ ಸೇರಬೇಕು ಅನ್ನುವವರೂ ಸೇರುತ್ತಿರಲಿಲ್ಲ. 2001ರಲ್ಲಿ ಪಡೆಯ ಹೆಸರು, ಲಾಂಛನ ಎಲ್ಲ ಬದಲಾಯಿಸಿದರು. ಹೊಸದಾಗಿ ಸೇರುವವರಲ್ಲಿ ಅರ್ಧ ಕ್ಯಾಥೊಲಿಕರು, ಅರ್ಧ ಉಳಿದವರು ಎಂಬ ನಿಯಮ ತಂದರು. ಅರ್ಹತೆ ಇದ್ದೂ ಕೆಲಸ ತಪ್ಪಿದ ಪ್ರಾಟೆಸ್ಟಂಟ್ ಹುಡುಗರಿಗೆ ನೋವಾಯಿತು, ಅದನ್ನು ಮುಚ್ಚಿಡಬಾರದು. ಆದರೂ ನನ್ನ ಲೆಕ್ಕದಲ್ಲಿ ಆ ನಿಯಮ ಬೇಕಿತ್ತು. 2011ರ ಹೊತ್ತಿಗೆ ಪಡೆಯಲ್ಲಿ ಕ್ಯಾಥೊಲಿಕರು ಸುಮಾರು ಶೇ. 30 ಆದರು. ಐಆರ್‌ಎ ಜೊತೆ ನಂಟಿದ್ದ ಶಿನ್ ಫೇನ್ ಪಕ್ಷ ಪೊಲೀಸರನ್ನು ಒಪ್ಪುತ್ತೇವೆ ಅಂತ 2007ರ ಜನವರಿಯಲ್ಲಿ ಸಭೆ ಸೇರಿ ತೀರ್ಮಾನ ಮಾಡಿತು. ಅದಾದ ಮೇಲೆಯೇ, ಆ ಮೇ ತಿಂಗಳಲ್ಲಿ, ಜೀವನವಿಡೀ ಒಪ್ಪಂದ ಬೇಡ ಅಂತ ಗುಡುಗಿದ್ದ ಪ್ರಾಟೆಸ್ಟಂಟ್ ಪಾದ್ರಿ ಇಯಾನ್ ಪೈಸ್ಲಿ ಮತ್ತು ಹಿಂದೆ ಐಆರ್‌ಎ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಒಟ್ಟಿಗೆ ಸರ್ಕಾರ ನಡೆಸಲು ಶುರು ಮಾಡಿದ್ದು. ಒಪ್ಪಂದದ ಕಾಗದದಿಂದ ಅಲ್ಲಿಗೆ ಬರಲು ಒಂಬತ್ತು ವರ್ಷ ಬೇಕಾಯಿತು.

ದಕ್ಷಿಣ ಆಫ್ರಿಕಾದಲ್ಲಿ ಪ್ರಶ್ನೆ ತಿರುಗಿತ್ತು. ಅಲ್ಲಿ ಭಯಪಟ್ಟವರು ಅಲ್ಪಸಂಖ್ಯಾತರಾಗಿದ್ದೂ ಅಷ್ಟು ಕಾಲ ಆಳಿದ ಬಿಳಿಯರು. 1992ರಲ್ಲಿ ಮಂಡೇಲಾ ಪಕ್ಷದ ಜೊತೆಗಿದ್ದ ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ ಒಂದು ದಾರಿ ಮುಂದಿಟ್ಟರು: ಕೆಲವು ವರ್ಷ ಅಧಿಕಾರ ಹಂಚಿಕೊಳ್ಳೋಣ, ಹಳೆಯ ಸರ್ಕಾರಿ ನೌಕರರ ಕೆಲಸ ತೆಗೆಯುವುದು ಬೇಡ. ಕಡೆಗೆ ಐದು ವರ್ಷದ ಜಂಟಿ ಸರ್ಕಾರ ಅಂತ ತೀರ್ಮಾನವಾಯಿತು. ಅಷ್ಟು ಅನ್ಯಾಯ ಮಾಡಿದವರ ಸಂಬಳ ಉಳಿಸಬೇಕಾ ಅಂತ ವಿದ್ಯಾರ್ಥಿಗಳು ಸಿಟ್ಟಾಗುತ್ತಾರೆ. ಸಿಟ್ಟು ನ್ಯಾಯವಾದದ್ದೇ. ಆದರೆ ಆಗ ಸೈನ್ಯ, ಪೊಲೀಸ್, ಕಚೇರಿ ಎಲ್ಲ ಅವರ ಕೈಯಲ್ಲೇ ಇತ್ತು, ಅವರು ಮನಸ್ಸು ಮಾಡಿದ್ದರೆ ಚುನಾವಣೆಯೇ ನಡೆಯುತ್ತಿರಲಿಲ್ಲ.

1993ರ ಏಪ್ರಿಲ್ 10ರಂದು ಕಪ್ಪು ಜನರ ಪ್ರೀತಿಯ ನಾಯಕ ಕ್ರಿಸ್ ಹಾನಿಯನ್ನು ಬಿಳಿಯ ವಲಸಿಗನೊಬ್ಬ ಅವರ ಮನೆ ಎದುರೇ ಗುಂಡಿಟ್ಟು ಕೊಂದ. ದೇಶ ಹೊತ್ತಿ ಉರಿಯಬೇಕಿತ್ತು. ಆಗ ಟಿವಿಯಲ್ಲಿ ಮಾತಾಡಿದ್ದು ಮಂಡೇಲಾ. ಕೊಂದವನು ಬಿಳಿಯ, ಆದರೆ ಅವನನ್ನು ಹಿಡಿಯಲು ನೆರವಾಗಿ ಪೊಲೀಸರಿಗೆ ತಿಳಿಸಿದ ಹೆಂಗಸೂ ಬಿಳಿಯಳೇ ಅಂತ ಅವರು ಜನರಿಗೆ ನೆನಪಿಸಿದರು. ನಂತರದ ದಿನಗಳಲ್ಲಿ ಗಲಭೆ ಆಯಿತು, ಜನ ಸತ್ತರು, ಆದರೆ ಮಾತುಕತೆ ಮುರಿಯಲಿಲ್ಲ. ಚುನಾವಣೆಗೆ 1994ರ ಏಪ್ರಿಲ್ 27 ಅಂತ ದಿನ ಗೊತ್ತು ಮಾಡಿದರು. ಮಾತುಕತೆ ಕೆಡಿಸುವವರು ಇಂಥ ಗಳಿಗೆಗೇ ಕಾಯುತ್ತಿರುತ್ತಾರೆ. ಅವರು ಕೊಲ್ಲುವುದೇ ಎದುರು ಪಕ್ಷ ಮೇಜು ಬಿಟ್ಟು ಏಳಲಿ ಅಂತ.

ನನಗೆ ಎಲ್ಲಕ್ಕಿಂತ ಜಾಸ್ತಿ ಧೈರ್ಯ ಕೊಡುವುದು ಮಿಜೋರಾಂ. ಅದರ ಬಗ್ಗೆ ನಮ್ಮಲ್ಲೇ ಮಾತು ಕಡಿಮೆ. 1959ರ ಸುಮಾರಿಗೆ ಅಲ್ಲಿ ಬಿದಿರು ಹೂ ಬಿಟ್ಟು, ಇಲಿಗಳು ಹೆಚ್ಚಿ, ಬೆಳೆ ಹೋಗಿ ಬರ ಬಂತು. ಸರ್ಕಾರದ ನೆರವು ಸಾಕಾಗಲಿಲ್ಲ. ಬರ ಪರಿಹಾರಕ್ಕೆ ಹುಟ್ಟಿದ ಸಂಘಟನೆಯೇ ಲಾಲ್‌ಡೆಂಗಾ ಅವರ ಮಿಜೋ ನ್ಯಾಷನಲ್ ಫ್ರಂಟ್ ಆಯಿತು, 1966ರ ಮಾರ್ಚ್ 1ರಂದು ಸ್ವಾತಂತ್ರ್ಯ ಘೋಷಿಸಿತು. ಅದೇ ತಿಂಗಳು ಐಜಾಲ್ ಮೇಲೆ ವಿಮಾನದಿಂದ ಬಾಂಬು ಬಿತ್ತು. ಹಳ್ಳಿಗಳನ್ನೇ ಎಬ್ಬಿಸಿ ಬೇರೆ ಕಡೆ ಕೂಡಿಹಾಕಿದರು. 20 ವರ್ಷ ಹೀಗೇ ನಡೆಯಿತು.

1986ರ ಜೂನ್ 30ರಂದು ಒಪ್ಪಂದವಾಯಿತು. ಮಿಜೋ ಜನರ ಧರ್ಮ, ರೂಢಿಯ ಕಾನೂನು, ಜಮೀನು ಇವುಗಳ ವಿಷಯದಲ್ಲಿ ಸಂಸತ್ತಿನ ಕಾಯ್ದೆ ಅಲ್ಲಿನ ವಿಧಾನಸಭೆ ಒಪ್ಪದೆ ಜಾರಿಯಾಗುವುದಿಲ್ಲ ಅಂತ ಸಂವಿಧಾನದಲ್ಲೇ ಬರೆದರು, 371ಜಿ ವಿಧಿ ಅದು. ಆಗಿನ ಮುಖ್ಯಮಂತ್ರಿ ಲಾಲ್ ಥನ್ಹಾವ್ಲಾ ಬಂಡುಕೋರ ನಾಯಕನಿಗೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ಉಪಮುಖ್ಯಮಂತ್ರಿಯಾದರು. 1987ರಲ್ಲಿ ಲಾಲ್‌ಡೆಂಗಾ ಚುನಾವಣೆ ಗೆದ್ದರು. ಜನ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಮುಂದಿನದು. 1988ರಲ್ಲಿ ಅವರ ಸರ್ಕಾರ ಬಿತ್ತು, 1989ರ ಚುನಾವಣೆಯಲ್ಲಿ ಅವರ ಪಕ್ಷ ಸೋತಿತು. ಕಾಡು ಅಲ್ಲೇ ಇತ್ತು, ಹಳೆಯ ದಾರಿ ಅವರಿಗೆ ಗೊತ್ತಿತ್ತು. ಅವರು ಕಾಡಿಗೆ ಹೋಗಲಿಲ್ಲ, ವಿರೋಧ ಪಕ್ಷದಲ್ಲಿ ಕೂತರು. 1998ರಲ್ಲಿ ಅದೇ ಪಕ್ಷದ ಜೋರಾಂಥಂಗಾ ಗೆದ್ದು ಮುಖ್ಯಮಂತ್ರಿಯಾದರು, 2008ರಲ್ಲಿ ಸೋತರು, 2018ರಲ್ಲಿ ಗೆದ್ದರು, 2023ರಲ್ಲಿ ಮತ್ತೆ ಸೋತರು. ಯಾವುದೇ ದೇಶದಲ್ಲಿ ಒಪ್ಪಂದ ನಿಂತಿತಾ ಅಂತ ನೋಡಲು ನಾನು ಮೊದಲ ಚುನಾವಣೆ ನೋಡುವುದಿಲ್ಲ, ಹಳೆಯ ಬಂಡುಕೋರರು ಸೋತ ಚುನಾವಣೆ ಹುಡುಕುತ್ತೇನೆ.

ಆದರೆ ಸೋಲದಂತೆ ಬೇಲಿ ಹಾಕುವುದೇ ಜಾಸ್ತಿಯಾದರೂ ಕಷ್ಟ. ಬೋಸ್ನಿಯಾದಲ್ಲಿ ಸುಮಾರು ಒಂದು ಲಕ್ಷ ಜನ ಸತ್ತ ಯುದ್ಧವನ್ನು 1995ರ ಡೇಟನ್ ಒಪ್ಪಂದ ನಿಲ್ಲಿಸಿತು. ಅದಕ್ಕೆ ಕೃತಜ್ಞರಾಗಿರಬೇಕು. ಅಲ್ಲಿ ಹೊಡೆದಾಡಿದ ಮೂರು ಸಮುದಾಯಗಳಿಂದ ಮೂವರು ಅಧ್ಯಕ್ಷರು: ಒಬ್ಬ ಬೋಸ್ನಿಯಾಕ್ (ಅಲ್ಲಿನ ಮುಸ್ಲಿಂ), ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ಯಹೂದಿ ಆಗಿದ್ದರೆ, ರೋಮಾ (ಜಿಪ್ಸಿ) ಆಗಿದ್ದರೆ ಆ ಹುದ್ದೆಗೆ ನಿಲ್ಲುವಂತೆಯೇ ಇಲ್ಲ. ಇದು ತಾರತಮ್ಯ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲೇ ಹೇಳಿದರೂ ಸಂವಿಧಾನ ಬದಲಾಗದೆ ವರ್ಷಗಳೇ ಉರುಳಿದವು. ಯಾಕೆಂದರೆ ಬದಲಾಯಿಸಬೇಕಾದವರೇ ಆ ಬೇಲಿಯಿಂದ ಗೆಲ್ಲುವವರು. ತನ್ನವರ ವೋಟು ಮಾತ್ರ ಸಾಕು ಅನ್ನುವ ನಾಯಕನಿಗೆ ಎದುರು ಸಮುದಾಯದ ಮನೆ ಬಾಗಿಲಿಗೆ ಹೋಗುವ ಅಗತ್ಯವೇ ಇರುವುದಿಲ್ಲ. ನೈಜೀರಿಯಾದ ನಿಯಮ ಬೇರೆ ಥರ. ಅಲ್ಲಿ ಅಧ್ಯಕ್ಷನಾಗಲು ಎಲ್ಲರಿಗಿಂತ ಜಾಸ್ತಿ ವೋಟು ಬಂದರೆ ಸಾಲದು, ಮೂರರಲ್ಲಿ ಎರಡು ಪಾಲು ರಾಜ್ಯಗಳಲ್ಲಿ ಶೇ. 25ರಷ್ಟಾದರೂ ಸಿಗಬೇಕು. ಅಲ್ಲಿನ ಕಷ್ಟಗಳೆಲ್ಲ ಇದರಿಂದ ತೀರಿಲ್ಲ, ಆದರೆ ಬೇರೆಯವರ ಊರಿಗೂ ಹೋಗಿ ಕೈಮುಗಿಯುವಂತೆ ಮಾಡುತ್ತದೆ.

ಹಾಗಾದರೆ ರಕ್ಷಣೆಯ ನಿಯಮಗಳನ್ನು ಯಾವಾಗ ತೆಗೆಯಬೇಕು? ವಿದ್ಯಾರ್ಥಿಗಳು ಕೇಳುವ ಈ ಪ್ರಶ್ನೆಗೆ ನನ್ನ ಹತ್ತಿರ ವರ್ಷದ ಲೆಕ್ಕ ಇಲ್ಲ. ಉತ್ತರ ಐರ್ಲೆಂಡಿನಲ್ಲಿ ಪೊಲೀಸ್ ನೇಮಕದ ಅರ್ಧ-ಅರ್ಧ ನಿಯಮವನ್ನು 2011ರಲ್ಲಿ ನಿಲ್ಲಿಸಿದರು. ಅದಾದ ಮೇಲೆ ಕ್ಯಾಥೊಲಿಕರ ಪಾಲು ಹೆಚ್ಚೇನೂ ಏರಲಿಲ್ಲ. ಅದನ್ನು ಮತ್ತೆ ತರಬೇಕು ಅಂತ ಕೆಲವರು, ಖಂಡಿತ ಬೇಡ ಅಂತ ಕೆಲವರು ಜೋರಾಗಿ ವಾದ ಮಾಡುತ್ತಾರೆ. ಆ ವಾದ ನಡೆಯುವುದು ವಿಧಾನಸಭೆಯಲ್ಲಿ, ಪತ್ರಿಕೆಗಳಲ್ಲಿ, ಟಿವಿ ಚರ್ಚೆಗಳಲ್ಲಿ.