ಸ್ಕ್ರಾಲ್ ಮಾಡುವಾಗ ಯಾವ ಪಿಕ್ಸೆಲ್ ಮೊದಲು ಸರಿಯಬೇಕು?

ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯಲ್ಲಿ ಹೊಸ ಸಾಲು ಬಂದರೆ ಹಳೆಯವೆಲ್ಲ ಮೇಲಕ್ಕೆ ಹೋಗುತ್ತವೆ. ಅಷ್ಟನ್ನೂ ಮತ್ತೆ ಬಿಡಿಸುವುದಕ್ಕಿಂತ, ಪರದೆಯಲ್ಲಿ ಇರುವ ಚಿತ್ರವನ್ನೇ ಒಂದು ಸಾಲಿನಷ್ಟು ಮೇಲಕ್ಕೆ ನಕಲು ಮಾಡುವುದು ಸುಲಭ. ತೊಡಕು ಏನೆಂದರೆ, ಎಲ್ಲಿಂದ ನಕಲು ಮಾಡುತ್ತೇವೋ ಆ ಜಾಗವೂ ಎಲ್ಲಿಗೆ ಮಾಡುತ್ತೇವೋ ಆ ಜಾಗವೂ ಒಂದರ ಮೇಲೊಂದು ಬೀಳುತ್ತವೆ. ಕ್ರಮ ತಪ್ಪಿದರೆ, ಇನ್ನೂ ಓದದ ಪಿಕ್ಸೆಲ್‌ಗಳ ಮೇಲೆಯೇ ಬರೆದುಬಿಡುತ್ತೇವೆ. ಚಿತ್ರ ಕಲಸಿಹೋಗುತ್ತದೆ.

ಇದಕ್ಕೆ 1970ರ ದಶಕದಲ್ಲೇ ಉತ್ತರ ಸಿಕ್ಕಿತ್ತು. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಡ್ಯಾನ್ ಇಂಗಲ್ಸ್ ಆಲ್ಟೊ ಕಂಪ್ಯೂಟರಿಗಾಗಿ ಬಿಟ್‌ಬ್ಲಿಟ್ ರೂಪಿಸಿದರು. ಪರದೆಯ ಒಂದು ಆಯತವನ್ನು ಇನ್ನೊಂದು ಕಡೆಗೆ ಸಾಗಿಸುವುದು ಅದರ ಕೆಲಸ. ಮೇಲಕ್ಕೆ ಸರಿಸಬೇಕಾದರೆ ಮೇಲಿನ ಸಾಲಿನಿಂದ ಶುರು, ಕೆಳಕ್ಕಾದರೆ ಕೆಳಗಿನ ಸಾಲಿನಿಂದ. ಬಸ್ಸಿನ ಉದ್ದ ಸೀಟಿನಲ್ಲಿ ‘ಸ್ವಲ್ಪ ಸರೀರಿ’ ಅಂದರೆ ಖಾಲಿ ಜಾಗದ ಪಕ್ಕ ಕೂತವರೇ ಮೊದಲು ಸರಿಯಬೇಕು, ಅಲ್ವಾ? ಇದೂ ಹಾಗೇ. ಹೆಚ್ಚಿನ ಮೆಮೊರಿ ಬೇಡ, ಎರಡನೇ ನಕಲು ಬೇಡ.

ಕ್ರಮ ಎಷ್ಟು ಮುಖ್ಯ ಅನ್ನುವುದು 2010ರಲ್ಲಿ ಚಿತ್ರಗಳಾಚೆಗೂ ಗೊತ್ತಾಯಿತು. ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮೆಮೊರಿ ನಕಲಿಗೆ ಎರಡು ಆದೇಶಗಳಿವೆ: ಜಾಗಗಳು ಅತಿಕ್ರಮಿಸುವುದಾದರೆ, ಅಂದರೆ ಒಂದರ ಮೇಲೊಂದು ಬೀಳುವುದಾದರೆ, ಮೆಮ್‌ಮೂವ್ ಬಳಸಬೇಕು, ಮೆಮ್‌ಕಾಪಿ ಅಲ್ಲ. ಲಿನಕ್ಸ್ ಪ್ರೋಗ್ರಾಮ್‌ಗಳು ಬಳಸುವ ಜಿ-ಲಿಬ್‌ಸಿ ಲೈಬ್ರರಿಯ ಮೆಮ್‌ಕಾಪಿ ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ಕೊನೆಯಿಂದ ಹಿಂದಕ್ಕೆ ನಕಲು ಮಾಡತೊಡಗಿತು. ಅತಿಕ್ರಮಿಸುವ ಜಾಗಗಳಿಗೂ ಮೆಮ್‌ಕಾಪಿಯನ್ನೇ ಬಳಸುತ್ತಿದ್ದ ಫ್ಲ್ಯಾಶ್ ಪ್ಲೇಯರಿನ ಧ್ವನಿ ಫೆಡೋರಾ 14 ಎಂಬ ಲಿನಕ್ಸ್ ಆವೃತ್ತಿಯಲ್ಲಿ ಕೆಟ್ಟುಹೋಯಿತು.

ಗ್ರಾಫಿಕ್ಸ್ ಚಿಪ್‌ಗಳ ಕಾಲ ಬಂದಾಗ ಬಿಟ್‌ಬ್ಲಿಟ್‌ನ ಉಪಾಯವೇ ಕೈತಪ್ಪಿತು. ಸಾವಿರಾರು ಪಿಕ್ಸೆಲ್‌ಗಳು ಒಟ್ಟೊಟ್ಟಿಗೆ ತಯಾರಾಗುವಾಗ ಯಾವುದು ಮೊದಲು ಎಂದು ಹೇಳುವವರಾರು? ಒಂದೇ ಬಫರಿನೊಳಗೆ (ಚಿತ್ರ ಇಟ್ಟಿರುವ ಮೆಮೊರಿಯೊಳಗೆ) ಅತಿಕ್ರಮಿಸುವ ನಕಲಿನ ಫಲಿತಾಂಶಕ್ಕೆ, ಗ್ರಾಫಿಕ್ಸ್ ಚಿಪ್‌ಗೆ ಆದೇಶ ಕೊಡುವ ವ್ಯವಸ್ಥೆಯಾದ ಓಪನ್‌ಜಿಎಲ್ ಖಾತರಿ ಕೊಡುವುದಿಲ್ಲ. ಅಂಥದ್ದೇ ಇನ್ನೊಂದು ವ್ಯವಸ್ಥೆಯಾದ ವಲ್ಕನ್ ಅದನ್ನು ನಿಷೇಧಿಸಿಯೇಬಿಟ್ಟಿದೆ. ಆದರೆ ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಕಿಟಕಿಗಳನ್ನು ತೋರಿಸುವ ಎಕ್ಸ್11 ವ್ಯವಸ್ಥೆಯ ನಿಯಮದ ಪ್ರಕಾರ ಇಂಥ ನಕಲು ಸರಿಯಾಗಿ ಬರಲೇಬೇಕು. ಹಾಗಾಗಿ ಆ ವ್ಯವಸ್ಥೆಯನ್ನು ನಡೆಸುವ ಎಕ್ಸ್ ಸರ್ವರ್ ಪ್ರೋಗ್ರಾಮಿನಲ್ಲಿ ಓಪನ್‌ಜಿಎಲ್ ಮೂಲಕ ಚಿತ್ರ ಬಿಡಿಸುವ ಗ್ಲಾಮರ್ ಭಾಗ ಮೊದಲು ತಾತ್ಕಾಲಿಕ ಜಾಗಕ್ಕೆ, ಅಲ್ಲಿಂದ ಸರಿಯಾದ ಜಾಗಕ್ಕೆ ನಕಲು ಮಾಡುತ್ತಿತ್ತು. 1920×1080 ಪರದೆ ಅಂದರೆ ಸುಮಾರು 8.3 ಮೆಗಾಬೈಟ್. ಎರಡು ಸಲ ಓದಿ ಎರಡು ಸಲ ಬರೆದರೆ 33 ಮೆಗಾಬೈಟ್ ಓಡಾಟ. ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೆ ಇದು ಲೆಕ್ಕಕ್ಕಿಲ್ಲ. ಸಿಪಿಯು ಜತೆ ಮೆಮೊರಿ ಹಂಚಿಕೊಳ್ಳುವ ರಾಸ್ಪ್‌ಬೆರ್ರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಇದು ಜಾಸ್ತಿಯೇ.

ಪೈನ ಗ್ರಾಫಿಕ್ಸ್ ಚಿಪ್‌ಗೆ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಬರೆಯುತ್ತಿದ್ದ ಎರಿಕ್ ಆನ್ಹೋಲ್ಟ್ 2017ರಲ್ಲಿ ಹಳೆಯ ಉಪಾಯವನ್ನು ಮರಳಿ ತಂದರು. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗವಿದು. ಆ ಚಿಪ್ ಪರದೆಯನ್ನು 64×64 ಪಿಕ್ಸೆಲ್‌ಗಳ ಚೌಕಗಳಾಗಿ ಬಿಡಿಸುತ್ತದೆ. ಒಂದು ಚೌಕ ಮುಗಿಯುವವರೆಗೆ ಅದರಲ್ಲಿ ಬರೆದದ್ದು ಚಿಪ್‌ನೊಳಗೇ ಇರುತ್ತದೆ, ಆಮೇಲೆ ಮೆಮೊರಿಗೆ ಹೋಗುತ್ತದೆ. ಹಾಗಾಗಿ ಚೌಕದೊಳಗಿನ ಅತಿಕ್ರಮಣ ತೊಂದರೆ ಕೊಡುವುದಿಲ್ಲ. ಉಳಿದದ್ದು ಚೌಕಗಳ ಕ್ರಮ. ಎಡದಿಂದಲೋ ಬಲದಿಂದಲೋ, ಮೇಲಿನಿಂದಲೋ ಕೆಳಗಿನಿಂದಲೋ ಅನ್ನುವುದನ್ನು ಪ್ರೋಗ್ರಾಮೇ ಹೇಳಬಹುದಾದ ಓಪನ್‌ಜಿಎಲ್ ವಿಸ್ತರಣೆಯೊಂದನ್ನು ಅವರು ಸೇರಿಸಿದರು. ಗ್ಲಾಮರ್ ಅದನ್ನು ಬಳಸಿಕೊಂಡಿತು, ಪೈನಲ್ಲಿ ತಾತ್ಕಾಲಿಕ ನಕಲಿನ ಅಗತ್ಯ ತಪ್ಪಿತು. ಕ್ರಮದ ಭರವಸೆ ಕೊಡದ ಚಿಪ್‌ಗಳಲ್ಲಿ ಗ್ಲಾಮರ್ ಅತಿಕ್ರಮಿಸುವ ಚಿತ್ರವನ್ನು ಎರಡು ಸಲವೇ ನಕಲು ಮಾಡಬೇಕು.