ಕೊಂಬೆ ಮುರಿಯಿತು, ತೋಟ ಡಿಸ್ಟ್ರಾಯ್ ಆಯಿತು

ತೀರ್ಥಹಳ್ಳಿ ಸೀಮೆಯ ನಮ್ಮ ನೆರೆಮನೆಯ ಹುಡುಗನೊಬ್ಬ ಆಷಾಢದ ಗಾಳಿಮಳೆ ಕಳೆದ ಮೇಲೆ ಬೆಳೆ ಪರಿಹಾರಕ್ಕೆಂದು ಇಂಗ್ಲಿಷಿನಲ್ಲಿ ಅರ್ಜಿ ಬರೆದು, ತಿದ್ದಿಕೊಡಿ ಎಂದು ನನ್ನ ಬಳಿ ತಂದಿದ್ದ. ಮೊದಲ ವಾಕ್ಯ ‘ಅವರ್ ಗಾರ್ಡನ್ ಡಿಸ್ಟ್ರಾಯ್ಡ್’ ಎಂದಿತ್ತು. ಎರಡನೆಯದು ‘ಮೆನಿ ಟ್ರೀಸ್ ಬ್ರೋಕ್’. ಎರಡನೆಯದನ್ನು ಹಾಗೆಯೇ ಬಿಟ್ಟು ಮೊದಲನೆಯದನ್ನು ಮಾತ್ರ ತಿದ್ದಿದಾಗ ಆತ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: ಮರ ತಾನಾಗಿ ಮುರಿಯಬಹುದಾದರೆ ತೋಟ ತಾನಾಗಿ ಏಕೆ ಹಾಳಾಗಬಾರದು?

ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್‌ಮೋರ್ 1970ರಲ್ಲಿ ‘ಹಿಟ್’ ಮತ್ತು ‘ಬ್ರೇಕ್’ ಎಂಬ ಎರಡೇ ಕ್ರಿಯಾಪದಗಳನ್ನು ಎದುರುಬದುರು ಇಟ್ಟು ಇದಕ್ಕೆ ಹತ್ತಿರದ ಪ್ರಶ್ನೆಯೊಂದನ್ನು ಬಿಡಿಸಿ ತೋರಿಸಿದರು. ‘ಹಿಟ್’ ಎಂಬುದು ಕಲ್ಲು ಕಿಟಕಿಗೆ ತಾಗಿತೆಂದು ಹೇಳುತ್ತದೆಯೇ ಹೊರತು ಕಿಟಕಿಯ ಗತಿ ಏನಾಯಿತೆಂದು ಹೇಳುವುದಿಲ್ಲ; ‘ಬ್ರೇಕ್’ ಕಿಟಕಿಗೆ ಒದಗಿದ ಸ್ಥಿತಿಯನ್ನು ಹೇಳುತ್ತದೆ, ಆದ್ದರಿಂದಲೇ ಒಡೆದವರನ್ನು ಬದಿಗಿಟ್ಟು ‘ದ ವಿಂಡೋ ಬ್ರೋಕ್’ ಎನ್ನಬಹುದು. 1993ರಲ್ಲಿ ಬೆತ್ ಲೆವಿನ್ ಮೂರು ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಕ್ರಿಯಾಪದಗಳನ್ನು ವಿಂಗಡಿಸುವಾಗ ‘ಬ್ರೇಕ್’ನ ಬಳಗವನ್ನೂ ‘ಡಿಸ್ಟ್ರಾಯ್’ನ ಬಳಗವನ್ನೂ ಬೇರೆ ಬೇರೆಯಾಗಿಯೇ ಇಟ್ಟರು. ಕ್ರ್ಯಾಕ್, ಸ್ನ್ಯಾಪ್, ಸ್ಪ್ಲಿಟ್, ಶ್ಯಾಟರ್ ಮೊದಲನೆಯ ಬಳಗದವು. ಡೆಮಾಲಿಶ್, ಡೆವಾಸ್ಟೇಟ್, ರೇಜ್, ಆಬ್ಲಿಟರೇಟ್ ಎರಡನೆಯವು. ಇವು ನಾಶದ ಪ್ರಮಾಣವನ್ನು ಹೇಳುತ್ತವೆ, ವಸ್ತು ಸೀಳಿತೋ ಚೂರಾಯಿತೋ ಎಂಬುದನ್ನು ಬಿಡುತ್ತವೆ, ಮತ್ತು ನಾಶಕ್ಕೊಂದು ಹೊರಗಿನ ಕಾರಣವನ್ನು ಬಯಸುತ್ತವೆ. ಆ ಕಾರಣ ಮನುಷ್ಯನೇ ಆಗಬೇಕೆಂದಿಲ್ಲ, ಗಾಳಿಯಾದರೂ ಸಾಕು. ‘ವಾಸ್ ಡಿಸ್ಟ್ರಾಯ್ಡ್’ ಎಂದು ಕರ್ಮಣಿಯಲ್ಲಿ ಬರೆದಾಗ ಆ ಕಾರಣ ಮರೆಗೆ ಸರಿಯುತ್ತದೆಯಾದರೂ ವಾಕ್ಯದ ಅರ್ಥದಿಂದ ಹೊರಗೆ ಹೋಗುವುದಿಲ್ಲ.

ಹುಡುಗನ ತಪ್ಪಿನ ಬೇರು ಇರುವುದು ಕನ್ನಡದಲ್ಲಿ. ಮುರಿ, ಒಡೆ, ಹರಿ, ಸೀಳು ಎಂಬ ಧಾತುಗಳು ಎರಡು ಕಡೆಯೂ ಸಲ್ಲುತ್ತವೆ: ಕೊಂಬೆ ಮುರಿಯಿತು, ಕೊಂಬೆಯನ್ನು ಮುರಿದನು. ಉಳಿದ ಅನೇಕ ಧಾತುಗಳಿಗೆ ‘ಇಸು’ ಹತ್ತಿದ ಮೇಲೆಯೇ ಕರ್ತೃ ಬರುವುದು: ಕೆಡು–ಕೆಡಿಸು, ಉರುಳು–ಉರುಳಿಸು. ಹಾಳು, ನಾಶ, ಧ್ವಂಸಗಳಂಥ ನಾಮಪದಗಳಾದರೆ ‘ಆಗು’ ಮತ್ತು ‘ಮಾಡು’ ಆ ಕೆಲಸವನ್ನು ಹಂಚಿಕೊಳ್ಳುತ್ತವೆ. ಇಂಗ್ಲಿಷಿನಿಂದ ಬಂದ ಕ್ರಿಯಾಪದವನ್ನೂ ನಾವು ನಾಮಪದದಂತೆ ಕಂಡು ಇದೇ ಸಾಲಿನಲ್ಲಿ ಕೂರಿಸುತ್ತೇವೆ: ಡ್ಯಾಮೇಜ್ ಆಯಿತು, ಡ್ಯಾಮೇಜ್ ಮಾಡಿದರು. ‘ತೋಟ ಡಿಸ್ಟ್ರಾಯ್ ಆಯಿತು’ ಎಂಬುದು ಹೀಗಾಗಿ ನಿರ್ದುಷ್ಟ ಕನ್ನಡ. ಅದರಿಂದ ‘ಆಯಿತು’ವನ್ನು ಕಳಚಿದಾಗ ಉಳಿಯುವುದು ಮಾತ್ರ ಇಂಗ್ಲಿಷ್ ಅಲ್ಲ.

ವಸ್ತು ಹೇಗೆ ಬೇರ್ಪಟ್ಟಿತೆಂಬ ವಿಚಾರಕ್ಕೆ ಬಂದರೆ ಕನ್ನಡ ಹೆಚ್ಚು ಬಿಗಿ. ಕೋಲು ಮುರಿಯುತ್ತದೆ, ಮಡಕೆ ಒಡೆಯುತ್ತದೆ, ದನ ಕಟ್ಟಿದ ಹಗ್ಗ ಹರಿಯುತ್ತದೆ. ಇಂಗ್ಲಿಷಿಗೆ ಮೂರಕ್ಕೂ ‘ಬ್ರೇಕ್’ ಸಾಕು. ಆದರೆ ಬಟ್ಟೆ ಹರಿದರೆ ಇಂಗ್ಲಿಷ್ ‘ಟೇರ್’ ಅನ್ನು ಕೇಳುತ್ತದೆ, ಕನ್ನಡವೋ ಹಗ್ಗದ ಪದವನ್ನೇ ಬಟ್ಟೆಗೂ ಬಳಸುತ್ತದೆ. ಈ ಹಂಚಿಕೆ ಮನಬಂದಂತೆ ನಡೆಯುತ್ತದೆಯೇ? ಆಸಿಫಾ ಮಜೀದ್, ಮೆಲಿಸ್ಸಾ ಬೊವರ್‌ಮನ್ ಮತ್ತು ಸಂಗಡಿಗರು ಕತ್ತರಿಸುವ, ಮುರಿಯುವ 61 ಕಿರುದೃಶ್ಯಗಳನ್ನು 28 ಭಾಷೆಗಳವರಿಗೆ ತೋರಿಸಿ, ಏನಾಯಿತೆಂದು ಹೇಳಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಪದಗಳ ಗಡಿಗಳು ಭಾಷೆಯಿಂದ ಭಾಷೆಗೆ ಸರಿದಾಡಿದರೂ ಅವುಗಳ ಹಿಂದಿನ ಮುಖ್ಯ ಅಳತೆಗೋಲು ಒಂದೇ ಆಗಿತ್ತು: ವಸ್ತು ಎಲ್ಲಿ ಬೇರ್ಪಡುತ್ತದೆಂದು ಮೊದಲೇ ಹೇಳಲು ಬರುತ್ತದೆಯೇ ಇಲ್ಲವೇ ಎಂಬುದು. ಮರವೇರಿದ ಕೊನೆಗೌಡನ ಕತ್ತಿ ಅಡಿಕೆಗೊನೆಯ ಬುಡದಲ್ಲಿ ಎಲ್ಲಿ ಬೀಳುತ್ತದೆಂದು ಕೆಳಗೆ ನಿಂತವನೂ ಬಲ್ಲ, ಅದು ‘ಕೊಯ್ಯುವುದು’. ಅದೇ ಮರ ಗಾಳಿಗೆ ಎಷ್ಟು ಎತ್ತರದಲ್ಲಿ ಮುರಿಯುತ್ತದೆಂದು ಯಾರೂ ಹೇಳಲಾರರು.

‘ಡಿಸ್ಟ್ರಾಯ್’ ಬಳಗದ ಪದಗಳ ಹುಟ್ಟು ಹೆಚ್ಚಾಗಿ ಲ್ಯಾಟಿನ್‌ನಲ್ಲಿದೆ, ಅಲ್ಲಿ ಅವಕ್ಕೆ ಕಣ್ಣಿಗೆ ಕಟ್ಟುವಂಥ ಅರ್ಥಗಳಿದ್ದವು. ‘ಡಿಸ್ಟ್ರಾಯ್’ ಎಂದರೆ ಕಟ್ಟಿದ್ದನ್ನು ಬಿಚ್ಚುವುದು. ‘ಎರಾಡಿಕೇಟ್’ ಎಂದರೆ ಬೇರುಸಹಿತ ಕೀಳುವುದು, ನಮ್ಮ ‘ನಿರ್ಮೂಲನೆ’ಯಲ್ಲಿಯೂ ಇರುವುದು ಅದೇ ಬೇರು. ‘ಆಬ್ಲಿಟರೇಟ್’ನೊಳಗೆ ಅಕ್ಷರ ಎಂಬ ಪದವಿದೆ, ಬರೆದದ್ದನ್ನು ಒರೆಸುವುದಕ್ಕೂ ಇದ್ದದ್ದನ್ನು ಇಲ್ಲವಾಗಿಸುವುದಕ್ಕೂ ‘ಅಳಿಸು’ ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೋಮನ್ ಸೈನ್ಯದಲ್ಲಿ ಹತ್ತರಲ್ಲಿ ಒಬ್ಬನನ್ನು ಕೊಲ್ಲುವ ಶಿಕ್ಷೆಯಿಂದ ಬಂದ ‘ಡೆಸಿಮೇಟ್’ ಇಂದು ಬಹುಪಾಲಿನ ನಾಶವನ್ನು ಸೂಚಿಸುತ್ತದೆ, ಹಳೆಯ ಲೆಕ್ಕ ಹಿಡಿದು ಅದನ್ನು ಆಕ್ಷೇಪಿಸುವವರ ಜೊತೆ ವಾದಕ್ಕೆ ನಿಲ್ಲದಿರುವುದು ಲೇಸು. ಆದರೆ ವೈದ್ಯವಿಜ್ಞಾನದಲ್ಲಿ ಇಂಥ ಸಡಿಲಕ್ಕೆ ಎಡೆಯಿಲ್ಲ. ಜಗತ್ತಿನಲ್ಲೆಲ್ಲೂ ಉಳಿಯದ ಸಿಡುಬಿಗೆ 1980ರಲ್ಲಿ ‘ಎರಾಡಿಕೇಟ್’ ಸಂದಿತು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣು ಕಾಡಿನ ಉಣ್ಣೆಗಳಲ್ಲಿಯೇ ನೆಲೆಸಿರುವುದರಿಂದ ಅಲ್ಲಿ ಸಲ್ಲುವ ಪದ ‘ಕಂಟ್ರೋಲ್’ ಮಾತ್ರ.

ಪದಗಳ ಈ ಲೇವಾದೇವಿಯಲ್ಲಿ ನಮ್ಮದೂ ಒಂದು ಆ ಕಡೆ ಹೋಗಿದೆ: ಅಡಿಕೆ ಮತ್ತು ಕಾಫಿಯ ರೋಗಗಳ ಇಂಗ್ಲಿಷ್ ಬರಹಗಳಲ್ಲಿ ‘ಕೊಳೆರೋಗ’ ಎಂಬ ಕನ್ನಡ ಹೆಸರು ಹಾಗೆಯೇ ನಿಂತಿದೆ.

ಕೊನೆಗೆ ಅರ್ಜಿಯಲ್ಲಿ ಗಾಳಿಮಳೆಯನ್ನೇ ಕರ್ತೃವಾಗಿ ಕೂರಿಸಿ ಕೊಟ್ಟೆ. ಆ ಹುಡುಗನ ಅಜ್ಜ 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಶರಾವತಿ ಕಣಿವೆ ಬಿಟ್ಟು ಬಂದವರು. ಅಂಥವರನ್ನು ನಮ್ಮ ಕಡೆ ‘ಮುಳುಗಡೆಯವರು’ ಎನ್ನುತ್ತಾರೆ. ಈ ಪದ ‘ಮುಳುಗಿಸು’ವಿನಿಂದ ಬಂದದ್ದಲ್ಲ, ‘ಮುಳುಗು’ವಿನಿಂದ ಬಂದದ್ದು, ಊರು ತಾನಾಗಿ ನೀರಿಗಿಳಿಯಿತೆಂಬಂತೆ. ಜಗಲಿಯಲ್ಲಿ ಕೂತು ನಮ್ಮ ಚರ್ಚೆಯನ್ನು ಕೇಳುತ್ತಿದ್ದ ಅವರು ತಮ್ಮ ಊರಿನ ಮಾತು ಬಂದಾಗ ಹೇಳಿದ್ದು ‘ಮುಳುಗಿಸಿದ್ರು’ ಎಂದು.