ಹೊರಗಿನ ಧಾರಾವಾಹಿ ಬಂದರೆ ನಮ್ಮ ರುಚಿ ಹೋಗುತ್ತಾ?

ಓದುಗರ ಪ್ರಶ್ನೆ: ಬೇರೆ ದೇಶದ ಸಿನಿಮಾ, ಹಾಡು, ಧಾರಾವಾಹಿಗಳನ್ನು ಒಳಗೆ ಬಿಟ್ಟುಕೊಂಡರೆ ಸ್ವಂತ ಸಂಸ್ಕೃತಿ ಉಳಿಯುತ್ತಾ? ತಡೆಯಬೇಕಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಇರಲಿ, ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ಹೊರಗಿನದು ಬಂದರೆ ಒಳಗಿನದು ಹೋಯಿತು ಎಂಬ ನಂಬಿಕೆ ಇದೆಯಲ್ಲ, ಎಡವಟ್ಟು ಅಲ್ಲೇ ಇರುವುದು. ರುಚಿ ಒಂಟಿ ಕುರ್ಚಿಯಲ್ಲ, ಒಬ್ಬರು ಕೂತರೆ ಇನ್ನೊಬ್ಬರು ಏಳಲೇಬೇಕು ಅನ್ನೋದಕ್ಕೆ.

ದಕ್ಷಿಣ ಕೊರಿಯಾವನ್ನೇ ನೋಡಿ. ಜಪಾನಿನ ಆಳ್ವಿಕೆ 1945ರಲ್ಲಿ ಮುಗಿದ ಮೇಲೆ ಜಪಾನಿ ಸಿನಿಮಾ, ಹಾಡುಗಳನ್ನು ಅಲ್ಲಿ ದಶಕಗಳ ಕಾಲ ಹೊರಗಿಟ್ಟಿದ್ದರು. 1998ರಲ್ಲಿ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆದಾಗ, ನಮ್ಮದೆಲ್ಲ ಮುಳುಗಿತು ಎಂದು ಹೆದರಿದವರಿದ್ದರು. ಆಗಿದ್ದೇನು? 2003ರಲ್ಲಿ ‘ವಿಂಟರ್ ಸೊನಾಟಾ’ ಎಂಬ ಕೊರಿಯನ್ ಧಾರಾವಾಹಿ ಜಪಾನಿನ ಸಾರ್ವಜನಿಕ ಟಿವಿ ಸಂಸ್ಥೆ ಎನ್‌ಎಚ್‌ಕೆಯಲ್ಲಿ ಬಂತು. ಜಪಾನಿನ ನಡುವಯಸ್ಸಿನ ಹೆಂಗಸರು ಅದರ ಚಿತ್ರೀಕರಣ ನಡೆದ ನಾಮಿ ದ್ವೀಪಕ್ಕೆ ಗುಂಪುಗುಂಪಾಗಿ ಹೋದರು. ಯಾರಿಂದ ಮುಳುಗುತ್ತೇವೆ ಎಂದು ಹೆದರಿದ್ದರೋ ಅವರ ಮನೆಯೊಳಕ್ಕೇ ಕೊರಿಯಾದ ಕಥೆ ಹೋಗಿ ಕೂತಿತು.

ಇನ್ನೊಂದು ಉದಾಹರಣೆ ನನಗೆ ತುಂಬಾ ಇಷ್ಟ. 2008ರಲ್ಲಿ ‘ಗುಮುಷ್’ ಎಂಬ ಟರ್ಕಿಯ ಧಾರಾವಾಹಿ ಅರಬ್ ದೇಶಗಳಿಗೆ ಬಂತು. ಹೆಸರು ‘ನೂರ್’ ಆಯಿತು, ನಾಯಕ ಮೆಹ್ಮೆತ್ ಮುಹನ್ನದ್ ಆದ. ಮಾತು? ಪುಸ್ತಕದ ಅರೇಬಿಕ್ ಅಲ್ಲ, ಸಿರಿಯಾದ ಮನೆಮಾತು. ಕಡೆಯ ಕಂತನ್ನು ಸುಮಾರು 8.5 ಕೋಟಿ ಜನ ನೋಡಿದರು ಎಂದು ಅದನ್ನು ಪ್ರಸಾರ ಮಾಡಿದ ಚಾನೆಲ್ಲೇ ಹೇಳಿಕೊಂಡಿತು. ದೊಡ್ಡ ಕುಟುಂಬ, ಹಿರಿಯರ ಮಾತು, ಮದುವೆಯ ಗೋಜಲು: ಇದೆಲ್ಲ ನೋಡುವವರಿಗೆ ಮೊದಲೇ ಗೊತ್ತಿದ್ದ ಲೋಕ. ಹೊರಗಿನ ಕಥೆ ಸುಮ್ನೆ ಎಲ್ಲಿ ಬೇಕಾದರೂ ಹೋಗಿ ಬೇರು ಬಿಡುವುದಿಲ್ಲ. ರುಚಿ ಸ್ವಲ್ಪವಾದರೂ ಕೂಡುವ ಕಡೆ ನಿಲ್ಲುತ್ತದೆ. ಎರಡು ದೇಶಗಳ ರುಚಿ ಎಷ್ಟು ಹತ್ತಿರ ಎಂದು ಅಳೆಯಲು ಅರ್ಥಶಾಸ್ತ್ರಜ್ಞರು ಇಂಥ ವ್ಯಾಪಾರವನ್ನೇ ಅಳತೆಗೋಲು ಮಾಡಿಕೊಂಡಿರುವುದು ಇದಕ್ಕೇ.

ಹಾಗಾದರೆ ಹಾಲಿವುಡ್ ಎಲ್ಲ ಕಡೆ ಹೇಗೆ ಓಡುತ್ತದೆ? ಅಲ್ಲಿರುವುದು ದುಡ್ಡಿನ ಲೆಕ್ಕ. ಸಿನಿಮಾದ ಖರ್ಚೆಲ್ಲ ಮೊದಲ ಪ್ರತಿಯಲ್ಲೇ ಆಗಿಹೋಗುತ್ತದೆ. ತವರಿನ ಮಾರುಕಟ್ಟೆ ದೊಡ್ಡದಿದ್ದರೆ ಅದರಲ್ಲಿ ಬಹುಪಾಲು ಅಲ್ಲೇ ವಾಪಸ್ ಬರುತ್ತದೆ, ಹೊರಗೆ ಕಡಿಮೆ ಬೆಲೆಗೆ ಮಾರಬಹುದು. ಚಿಕ್ಕ ಭಾಷೆಗಳಿಗೆ ನಿಜವಾದ ಕಷ್ಟ ಇದು. ಫ್ರಾನ್ಸ್ ಇದನ್ನು ಸರಿಯಾಗಿ ಹಿಡಿದಿದೆ. ಅಲ್ಲಿ ಪ್ರತಿ ಸಿನಿಮಾ ಟಿಕೆಟ್ ಮೇಲೆ, ಹಾಲಿವುಡ್‌ನದ್ದೂ ಸೇರಿ, ಶೇ 10.72ರಷ್ಟು ತೆರಿಗೆ ಹಾಕುತ್ತಾರೆ. ಆ ಹಣ ಸಿನಿಮಾ ನಿಧಿಗೆ ಹೋಗಿ ಫ್ರೆಂಚ್ ಚಿತ್ರಗಳಿಗೆ ನೆರವಾಗುತ್ತದೆ. ಬಾಗಿಲು ಮುಚ್ಚಿಲ್ಲ, ನೋಡಿ.

ಯಾರೂ ಕೇಳದಿದ್ದರೂ ಒಂದು ಮಾತು. ಸಾಂಸ್ಕೃತಿಕ ಸರಕು ಜಾಸ್ತಿ ರಫ್ತು ಮಾಡುವುದು ಅಮೆರಿಕ ಎಂದುಕೊಂಡಿದ್ದೀರಾ? ಯುನೆಸ್ಕೊ ಲೆಕ್ಕದಲ್ಲಿ 2013ರಲ್ಲಿ ಚೀನಾದ ರಫ್ತು 6,010 ಕೋಟಿ ಡಾಲರ್, ಅಮೆರಿಕದ್ದು 2,790 ಕೋಟಿ. ಯಾಕೆಂದರೆ ಆ ಪಟ್ಟಿಯಲ್ಲಿ ಚಿನ್ನದ ಒಡವೆ, ವಿಗ್ರಹಗಳೂ ಇವೆ. ಇತ್ತ ಆನ್‌ಲೈನಿನಲ್ಲಿ ನೋಡುವ ಸಿನಿಮಾ ಯಾವ ಬಂದರಿನಲ್ಲೂ ಇಳಿಯುವುದಿಲ್ಲ, ಸುಂಕದವರ ಪುಸ್ತಕಕ್ಕೆ ಸರಕಾಗಿ ಏರುವುದೂ ಇಲ್ಲ.